ಒಗ್ಗರಣೆ ಬಿದ್ದ ಫೋ

ಲಾಕ್‌ಡೌನಿನಲ್ಲಿ ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಎದುರು ಫ್ಲ್ಯಾಟಿನಿಂದ ದಿನಾ ಜಗಳ ಕೇಳುತ್ತಿತ್ತು. ಅಲ್ಲಿದ್ದವರು ವಿಯೆಟ್ನಾಮಿನ ಗಂಡ ಹೆಂಡತಿ. ಜಗಳ ಫೋ ಎಂಬ ಅವರ ನೂಡಲ್ಸ್ ಸಾರಿನದು. ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತು ನನ್ನೆದುರು ಇಂಗ್ಲಿಷಿನಲ್ಲಿ ಪಂಚಾಯಿತಿ ನಡೆಸುತ್ತಿದ್ದರು.

ಅವನು ಉತ್ತರದ ಹನೋಯ್‌ನವನು. ತಿಳಿಯಾದ ಸಾರು, ಅಕ್ಕಿ ನೂಡಲ್ಸ್, ಮೇಲೆ ಚೂರು ಈರುಳ್ಳಿ ಸೊಪ್ಪು. ಬೇರೇನು ಬಿದ್ದರೂ ಕೆಂಡಾಮಂಡಲ. ಸೈಗಾನಿನ ಅವಳಿಗೆ ಸಾರು ತುಸು ಸಿಹಿಯಿರಬೇಕು, ಪಕ್ಕದಲ್ಲಿ ತುಳಸಿಯಂಥ ಸೊಪ್ಪು, ಮೊಳಕೆಕಾಳು, ನಿಂಬೆಹೋಳು ತಟ್ಟೆ ತುಂಬ. ಫೋ ಹುಟ್ಟಿದ್ದು ಉತ್ತರದಲ್ಲಿ, ದೇಶ ಎರಡಾದಾಗ ವಲಸೆ ಹೋದವರ ಜೊತೆ ದಕ್ಷಿಣಕ್ಕೆ ಹೋಗಿ ಕೆಟ್ಟಿತು ಎಂದು ಅವನು. ಅಲ್ಲಿಗೆ ಹೋದ ಮೇಲೇ ರುಚಿ ಬಂತು ಎಂದು ಅವಳು. ಮೂಲ ಫ್ರೆಂಚರದೋ ಚೀನೀಯರದೋ ಅಂತಾರಲ್ಲ ಎಂದು ನಾನೊಮ್ಮೆ ಬಾಯಿ ಹಾಕಿದೆ. ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು.

ಹತ್ತಿರದ ಬಾಂಗ್ಸಾರ್‌ನಲ್ಲಿದ್ದ ಅವರ ಪುಟ್ಟ ಹೋಟೆಲು ಬಾಗಿಲು ಮುಚ್ಚಿತ್ತು. ಅವರ ಕಡೆ ಅನೇಕರು ಹುಣ್ಣಿಮೆ, ಅಮಾವಾಸ್ಯೆಗೆ ಮಾಂಸ ಮುಟ್ಟುವುದಿಲ್ಲವಂತೆ. ಅಂಥ ಸಸ್ಯಾಹಾರಿ ಫೋವನ್ನೇ ಮನೆಯಲ್ಲಿ ಮಾಡಿ ಮಾರಿ ಎಂದೆ. ನಮ್ಮ ಕನ್ನಡದ ವಾಟ್ಸ್ಯಾಪ್ ಗುಂಪಿನಲ್ಲಿ ಹುಣ್ಣಿಮೆಗೆ ಆರ್ಡರ್‌ಗಳೂ ಬಂದವು. ಈ ಮೊದಲ ಪಾತ್ರೆ ಕೈಹಿಡಿಯದಿದ್ದರೆ ವಿಮಾನಗಳು ಶುರುವಾದೊಡನೆ ಊರಿಗೆ ಹೊರಡುವುದೇ ಗತಿ ಎಂದು ಅವಳು ಹೇಳಿದ್ದಳು.

ಹುಣ್ಣಿಮೆಯಂದು ಮಧ್ಯಾಹ್ನವೇ ಅವರ ಗ್ಯಾಸ್ ಮುಗಿಯಿತು. ಪಾತ್ರೆಯನ್ನು ನಮ್ಮ ಒಲೆಗೆ ತಂದಿಟ್ಟು ನೂಡಲ್ಸ್ ನೆನೆಸಲು ಹೋದರು. ಮೂಲಂಗಿ, ಅಣಬೆ, ಸುಟ್ಟ ಶುಂಠಿ, ಚಕ್ಕೆ, ಚಕ್ರಮೊಗ್ಗು ಬೆಂದು ಮನೆಯೆಲ್ಲ ಘಮಘಮ. ನಾನು ರೂಮಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ಇದ್ದಕ್ಕಿದ್ದಂತೆ ಚೊಂಯ್ ಎಂದಿತು. ಹಿಂದೆಯೇ ಇಂಗಿನ ವಾಸನೆ. ಓಡಿ ಬಂದು ನೋಡಿದರೆ ಸಾರಿನ ಮೇಲೆ ತುಪ್ಪ, ಸಾಸಿವೆ, ಕರಿಬೇವು ತೇಲುತ್ತಿವೆ. ಪಕ್ಕದಲ್ಲಿ ಒಗ್ಗರಣೆ ಸೌಟು ಹಿಡಿದು ನಮ್ಮತ್ತೆ. ಮೈಸೂರಿನಿಂದ ಮಗನ ಮನೆ ನೋಡಲು ಬಂದು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು.

"ಅತ್ತೆ, ಏನ್ ಮಾಡ್ಬಿಟ್ರಿ!"

"ಏನಾಯ್ತೀಗ? ತಿಳಿಸಾರು ಎಷ್ಟು ಚೆನ್ನಾಗಿ ಮಾಡಿದಾರೆ. ಪಾಪ, ಒಗ್ಗರಣೆ ಮರ್ತಿದ್ರು ಕಣೇ, ಹಾಕ್ದೆ."

ನನಗೆ ಅಳುವೇ ಬಂತು. ಅವನು ಬಂದು ಪಾತ್ರೆಯೊಳಗೆ ಇಣುಕಿದ. ಮುಖ ಸಪ್ಪಗಾಯಿತು. ಮತ್ತೆ ಮಾಡಲು ಹೊತ್ತಿರಲಿಲ್ಲ, ಕೆಳಗೆ ಆಗಲೇ ಜನ ತಪಾವ್‌ಗೆ, ಅಂದರೆ ಪಾರ್ಸೆಲ್ಲಿಗೆ, ಡಬ್ಬಿ ಹಿಡಿದು ದೂರ ದೂರ ನಿಂತಿದ್ದರು. ಹಿಂದೆಯೇ ಬಂದ ಅವಳು ಒಂದು ಚಮಚ ಬಾಯಿಗಿಟ್ಟು ಬಿದ್ದು ಬಿದ್ದು ನಕ್ಕು, ಇಲ್ಲಿಯವರ ಧಾಟಿಯಲ್ಲೇ ಅಂದಳು,

"ಪರವಾಗಿಲ್ಲ ಲಾ! ಫೋ ಇನ್ನೂ ಸ್ವಲ್ಪ ದಕ್ಷಿಣಕ್ಕೆ ಬಂದಿದೆ, ಅಷ್ಟೇ."

ಅವನು ಸಾಸಿವೆ ಶೋಧಿಸಿ ಡಬ್ಬಿ ತುಂಬಿಸಿದ. ಸಂಜೆಯ ಹೊತ್ತಿಗೆ ಪಾತ್ರೆ ಖಾಲಿ. ಮುಂದಿನದು ಯಾವಾಗ ಎಂದು ನನ್ನ ಫೋನು ಬಡಿದುಕೊಳ್ಳತೊಡಗಿತು. ಅತ್ತೆಯ ಬಿಗುಮಾನ ನೋಡಬೇಕಿತ್ತು.

ಅಮಾವಾಸ್ಯೆಯ ದಿನ ಬೆಲ್ಲಾಯಿತು. ಪಾತ್ರೆ ಹಿಡಿದು ಅವನೊಬ್ಬನೇ ನಿಂತಿದ್ದ.

"ಗ್ಯಾಸ್ ಮತ್ತೆ ಮುಗೀತಾ?" ಎಂದೆ.

"ಇಲ್ಲ." ನೆಲ ನೋಡುತ್ತ ಹೇಳಿದ, "ಆಂಟಿಗೆ ಹೇಳಿ, ಸಾಸಿವೆ ಸ್ವಲ್ಪ ಕಮ್ಮಿ ಇರಲಿ."