ನಾನು ಕಡಿದ ಒಂದು ಅಡಿ

ಬಿಳಿ ಸಾಹೇಬರ ಕಾಲದಲ್ಲಿ, ಧಾರವಾಡದ ಕಚೇರಿಯಲ್ಲಿ ನಾನು ಅಳತೆಯ ಕಾರಕೂನನಾಗಿದ್ದೆ. ರಸ್ತೆಗೆ ಕಲ್ಲು, ಗರಸು ತೆಗೆಯುವ ಖಣಿಗಳನ್ನು ಅಳೆದು ಬರೆಯುವುದು ನನ್ನ ಕೆಲಸ. ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂಬ ಜಂಬ ಬೇರೆ. ಆ ಜಂಬಕ್ಕೆ ಬೆಂಕಿ ಬೀಳಲಿ.

ಖಣಿ ತೋಡುವವರು ನಡುವೆ ಒಂದು ಮಣ್ಣಿನ ಕಂಬವನ್ನು ತೋಡದೆ ಬಿಡುತ್ತಿದ್ದರು. ಮೊದಲಿನ ನೆಲ ಎಷ್ಟು ಎತ್ತರ ಇತ್ತು ಎನ್ನುವುದಕ್ಕೆ ಅದೇ ಗುರುತು. ಅದಕ್ಕೆ ‘ಸಾಕ್ಷಿ’ ಅಂತಲೇ ಹೆಸರು. ಅದರ ತಲೆಯಿಂದ ಬುಡದವರೆಗೆ ಟೇಪು ಹಿಡಿದರೆ ಆಳ ಸಿಗುತ್ತಿತ್ತು, ಆಳದ ಮೇಲೆ ಕೂಲಿ. ಕೆಲವರು ಹಿಂದಿನ ದಿನ ಕಂಬದ ತಲೆಗೆ ಒಂದಿಷ್ಟು ಮಣ್ಣು ಮೆತ್ತಿ ಎತ್ತರ ಮಾಡುತ್ತಿದ್ದುದೂ ಖರೆ. ಹಾಗಾಗಿ ನಾನು ನೋಡುವ ಗೋಜಿಗೇ ಹೋಗದೆ ಪ್ರತಿ ಕಂಬದ ಅಳತೆಯಲ್ಲೂ ಒಂದು ಅಡಿ ಕಡಿದು ಬರೆಯುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮಳೆಗಾಲ ಹಿಡಿಯುವ ಮುಂಚೆ ಒಂದು ದಿನ ಲಕಮನಹಳ್ಳಿ ದಾಟಿ ಒಂದು ಖಣಿಗೆ ಹೋದೆ. ಅದರ ಒಂದು ಕಡೆಯ ಗೋಡೆ ನೆಟ್ಟಗೆ ನಿಂತು ಬಿರುಕು ಬಿಟ್ಟಿತ್ತು. ಕೆಳಗೇ ಹೆಂಗಸರು ಬುಟ್ಟಿ ತುಂಬುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಮೇಸ್ತ್ರಿ ದನಿ ಇಳಿಸಿ ಹೇಳಿದ:

“ಸಾಹೇಬ್ರ, ಇಪ್ಪತ್ತಡಿ ದಾಟಿದ್ರ ಇದು ಸರ್ಕಾರದ ಕಾಯ್ದೇದಾಗ ಬರತೈತಂತಲ್ರಿ? ಖಣಿ ನೋಡೋ ಸಾಹೇಬ ಬಂದು ಆ ಗ್ವಾಡಿ ಇಳಿಜಾರ ಮಾಡಸ್ತಾನಂತ. ಗುತ್ತೇದಾರಗ ಹೇಳಿ ಹೇಳಿ ಸಾಕಾತ್ರಿ. ಅಲ್ಲಿ ಬುಟ್ಟಿ ಹೊರಾಕತ್ತಾಳಲ್ರಿ, ಆಕಿ ನನ್ನ ಹೇಣ್ತಿ. ಕೂಲ್ಯಾಗ ಬೇಕಾದ್ರ ಕಡೀರಿ, ಆಳ ಮಾತ್ರ ಇದ್ದಷ್ಟ ಬರೀರಿ.”

ಟೇಪು ಇಪ್ಪತ್ತಡಿ ನಾಲ್ಕು ಇಂಚು ತೋರಿಸಿತು. ನಾನು ನಕ್ಕೆ. “ನಿಮ್ಮ ಆಟ ನಮಗ ಗೊತ್ತಿಲ್ಲೇನೋ? ಕಾಯ್ದೆ ಹೆಸರು ಹೇಳಿ ಕೂಲಿ ಏರಸ್ತಿ?” ಎಂದು ವಾಡಿಕೆಯ ಒಂದು ಅಡಿ ಕಡಿದು, ಹತ್ತೊಂಬತ್ತಡಿ ನಾಲ್ಕು ಇಂಚು ಎಂದು ಬರೆದೆ. ಖಣಿ ಕಾಯ್ದೆಯ ಹೊರಗೆ ಉಳಿಯಿತು. ನಾನು ಟಾಂಗಾ ಹತ್ತಿ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮಳೆ ಹಿಡಿದ ಎರಡನೆಯ ವಾರ ಆ ಗೋಡೆ ಕುಸಿಯಿತು. ಮೇಸ್ತ್ರಿಯ ಹೆಂಡತಿ ಅಡಿಯಲ್ಲಿ ಸಿಕ್ಕು ಸತ್ತಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ನನ್ನನ್ನೇ ಕಳಿಸಿದರು: ಅವಳು ಸತ್ತದ್ದು ಕಾಯ್ದೆಗೆ ಸೇರಿದ ಖಣಿಯಲ್ಲೋ ಅಲ್ಲವೋ, ಗುತ್ತೇದಾರನ ಮೇಲೆ ಖಟ್ಲೆ ಹಾಕಬೇಕೋ ಬೇಡವೋ, ಇನ್ನೊಮ್ಮೆ ಅಳೆದು ಬಾ ಎಂದು.

ಹೋದೊಡನೆ ಕಂಬದ ತಲೆಯನ್ನು ಕೈಯಿಂದ ಕೆದಕಿ ನೋಡಿದೆ. ಮೇಲೆಯೇ ಬೆಳೆದಿದ್ದ ಹಳೆಯ ಗರಿಕೆಯ ಬೇರು ಒಂದು ಗೇಣು ಕೆಳಗೆ ಇಳಿದಿತ್ತು. ಯಾರೂ ಮಣ್ಣು ಮೆತ್ತಿರಲಿಲ್ಲ. ಅವಳನ್ನು ಕೊಂದದ್ದು ಮಳೆಯಲ್ಲ, ನಾನು. ಈ ಮಾತನ್ನು ನನ್ನ ಹೆಂಡತಿಗೂ ಇಂದಿನವರೆಗೆ ಹೇಳಿಲ್ಲ.

ಹಿಂದಿನ ಅಳತೆ ತಪ್ಪು ಎಂದು ಬರೆದುಕೊಟ್ಟರೆ ನೌಕರಿ ಹೋಗುತ್ತಿತ್ತು. ಆ ಧೈರ್ಯ ನನಗಿರಲಿಲ್ಲ. ಈ ಸಲ ಒಂದು ಇಂಚೂ ಕಡಿಯದೆ ಅಳೆದರೆ ತಾನಾಗಿಯೇ ಇಪ್ಪತ್ತು ದಾಟುತ್ತದೆ ಎಂದುಕೊಂಡೆ; ತಳದ ಕಡೆ ನನ್ನ ಗಮನವೇ ಹೋಗಿರಲಿಲ್ಲ. ಮೇಸ್ತ್ರಿ ಎಂದಿನಂತೆ ಟೇಪಿನ ತುದಿ ಹಿಡಿದು ಕೆಳಗಿಳಿದ. ಹೆಣ ತೆಗೆದಿದ್ದರು, ಕುಸಿದ ಗರಸು ಮಾತ್ರ ಕಂಬದ ಬುಡ ಮುಚ್ಚಿ ಖಣಿಯ ತಳದಲ್ಲಿ ಹಾಗೆಯೇ ತುಂಬಿತ್ತು. ಅದನ್ನು ಮುಟ್ಟದೆ, ಇದ್ದದ್ದನ್ನು ಇದ್ದಂತೆ ಅಳೆಯಬೇಕೆಂದು ಕಚೇರಿಯ ಹುಕುಂ.

“ಎಷ್ಟ ಬಂತ್ರಿ, ಸಾಹೇಬ್ರ?” ಎಂದು ಕೆಳಗಿನಿಂದ ಕೇಳಿದ.

“ಹದಿನಾಲ್ಕು,” ಎಂದೆ.

ಅವನು ಟೇಪಿನ ತುದಿಯನ್ನು ಕಾಲಡಿಯ ಗರಸಿನ ಮೇಲೆ ಬಿಟ್ಟ. ಆಮೇಲೆ, “ಬರಕೋರಿ,” ಎಂದ.

ನಾನು ಬರೆದುಕೊಂಡೆ.