ಸರ್ಕಾರ ಬಿದ್ದ ದಿನ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಸರ್ಕಾರ ಅಂದರೆ ಒಂದು ಕಟ್ಟಡ ಎಂದೇ ತಿಳಿದಿದ್ದೆ. ತಪ್ಪು ನನ್ನದಲ್ಲ ಬಿಡಿ. ಮಾನ್ವಿಯ ಕಚೇರಿಗೆ ಹೊರಟಾಗಲೆಲ್ಲ ಅಪ್ಪ, "ಸರ್ಕಾರಕ್ಕ ಹೋಗಿ ಬರ್ತೀನಿ" ಎನ್ನುತ್ತಿದ್ದರು. ನಮ್ಮ ಹಳ್ಳಿಯ ಹಿರಿಯರೆಲ್ಲ ಹಾಗೇ ಹೇಳುತ್ತಿದ್ದರು.

ಆ ವರ್ಷ ಅಪ್ಪ ಸರ್ಕಾರಕ್ಕೆ ಅಲೆದು ಅಲೆದು ಸುಸ್ತಾಗಿದ್ದರು. ನಮ್ಮೂರ ಶಾಲೆ ನಾಲ್ಕನೆಯ ತರಗತಿಗೇ ಮುಗಿಯುತ್ತಿತ್ತು. ಅದನ್ನು ಮುಗಿಸಿದ ಅಕ್ಕ ಮನೆಯಲ್ಲಿ ಕೂತಿದ್ದಳು. ಹೆಣ್ಣುಮಗಳನ್ನು ಪರವೂರಿಗೆ ಕಳಿಸಲು ಅವ್ವ ಒಪ್ಪಲಿಲ್ಲ. ಐದನೆಯ ತರಗತಿ ಊರಿಗೇ ಮಂಜೂರಾದರಷ್ಟೇ ಅಕ್ಕನ ಓದು ಮುಂದುವರಿಯುತ್ತಿತ್ತು.

ಅವತ್ತು ಬೆಳಗ್ಗೆ ಅಪ್ಪ, "ಇವತ್ತು ಹ್ಞೂಂ ಅನ್ನಿಸಿಕೊಂಡೇ ಬರ್ತೀನವ್ವಾ" ಎಂದು ಅಕ್ಕನ ತಲೆ ಸವರಿ ಹೋದರು. ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪುಂಡಿ ಪಲ್ಯದ ಹುಳಿ ವಾಸನೆಗೆ ನನ್ನ ಬಾಯಲ್ಲಿ ನೀರು. ಅಷ್ಟರಲ್ಲಿ ಚಹಾದಂಗಡಿಯ ರೇಡಿಯೋ ಕೇಳಿ ಬಂದ ಪಕ್ಕದ ಮನೆಯ ಕಾಕಾ ಅಂಗಳದಿಂದಲೇ ಕೂಗಿದರು: "ಸರ್ಕಾರ ಬಿತ್ತಂತ!"

ಹಿಂದಿನ ಮಳೆಗಾಲದಲ್ಲಿ ನಮ್ಮ ಓಣಿಯ ಮಣ್ಣಿನ ಮಾಳಿಗೆಯೊಂದು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. "ಯವ್ವಾ, ಅಪ್ಪ ಅದರೊಳಗೇ ಅದಾನ!" ಎಂದು ಗೋಳೋ ಎಂದು ಅತ್ತೆ. ಕಾಕಾ ಹೊಟ್ಟೆ ಹಿಡಿದು ನಕ್ಕರು. "ಲೇ ಹುಚ್ಚಾ, ಬಿದ್ದದ್ದು ಮಂತ್ರಿಗಳ ಕುರ್ಚಿ. ಕಚೇರಿ ಗಟ್ಟಿಮುಟ್ಟಾಗಿ ನಿಂತದ." ಅವ್ವನೂ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ.

ಸಂಜೆ ಅಪ್ಪ ಬಂದರು, ಮೈಯೆಲ್ಲ ದಾರಿಯ ಧೂಳು. ಕಟ್ಟೆಯ ಮೇಲೆ ಕುಸಿದು ಕೂತು, "ಹೊಸಾ ಸರ್ಕಾರ ಬರೂತನ ಏನೂ ಆಗಂಗಿಲ್ಲಂತ. ಆಮ್ಯಾಲ ಬರ್ರಿ ಅಂದ್ರು" ಎಂದರು. ಅಕ್ಕ ಅವರಿಗೆ ನೀರು ತಂದುಕೊಟ್ಟಳು. ಅವಳ ಮುಖ ನೋಡಿ ನನಗೆ ಮತ್ತೆ ಅಳು ಬಂತು.

ಹೊಸ ಸರ್ಕಾರ ಬಂತು, ಅಪ್ಪ ಮತ್ತೆ ಅಲೆದರು. ಕೊನೆಗೆ ಐದನೆಯ ತರಗತಿಯೂ ಬಂತು. ಅಷ್ಟರಲ್ಲಿ ಅಕ್ಕ ಮದುವೆಯಾಗಿ ದೇವದುರ್ಗದ ಗಂಡನ ಮನೆ ಸೇರಿದ್ದಳು. ಆ ತರಗತಿಯಲ್ಲಿ ಕೂತವನು ನಾನು. ಇಷ್ಟು ವರ್ಷವಾದರೂ ಇದನ್ನು ಹೇಳುವಾಗ ನನಗೆ ದಣಿವಾಗುತ್ತದೆ.

ಮಕ್ಕಳೇ, ಈಗ ನಾವಿರುವುದು ರಾಯಚೂರಿನಲ್ಲಿ. ಸರ್ಕಾರ ಬಿದ್ದ ಸುದ್ದಿ ನಿಮ್ಮ ಮೊಬೈಲಿಗೇ ಬರುತ್ತದೆ; ಮರುದಿನ ನೀವು ಎಂದಿನಂತೆ ಶಾಲೆಗೆ ಹೋಗುತ್ತೀರಿ. ಬಸ್ಸಿನಲ್ಲಿ ಯರಗೇರಾದ ವಿಶ್ವವಿದ್ಯಾಲಯಕ್ಕೆ ಹೋಗಿ ರಾಜ್ಯಶಾಸ್ತ್ರ ಓದುವ ನನ್ನ ಹಿರಿಯ ಮೊಮ್ಮಗಳು ಮೊನ್ನೆ ನನಗೇ ಪಾಠ ಹೇಳಿದಳು: "ತಾತಾ, ಸರ್ಕಾರ ಬ್ಯಾರೆ, ರಾಜ್ಯ ಬ್ಯಾರೆ. ಸರ್ಕಾರ ಬಿದ್ರೂ ರಾಜ್ಯ ಇರ್ತದ."

"ಹೌದವ್ವಾ, ಇರ್ತದ" ಎಂದೆ. "ಶಾಲಿಗೆ ಹೋಗೋ ವಯಸ್ಸು ಇರಂಗಿಲ್ಲ."