ಮನೋರಿಯ ಊಟಕ್ಕೆ ನಾನು ಕಟ್ಟಿದ ಬೆಲೆ

ಅಂಧೇರಿಯಿಂದ ಮನೋರಿ ದ್ವೀಪಕ್ಕೆ ಹೋಗಿಬರಲು ನನಗೂ ನನ್ನ ತಮ್ಮನಿಗೂ ಸೇರಿ ಐದು ರೂಪಾಯಿಯೂ ಆಗಲಿಲ್ಲ. ಲೋಕಲ್ಲು, ಬಸ್ಸು, ದೋಣಿ, ಮಾರ್ವೆಯ ದಕ್ಕೆಯ ಹತ್ತಿರ ಕುಡಿದ ಚಹಾ ಎಲ್ಲ ಅದರಲ್ಲೇ ಬಂತು. ಕಾಲ ಎಪ್ಪತ್ತರ ದಶಕದ ಮೊದಲರ್ಧ. ಆಗಿನ ಮುಂಬಯಿಯಲ್ಲಿ ಅದು ಅಗ್ಗವೇ. ಆದರೆ ಖರ್ಚು ಹೇಳುವಾಗ ಪೂರ್ತಿ ಹೇಳಬೇಕು. ಆ ಒಂದು ಭಾನುವಾರದಿಂದಾಗಿ ತಮ್ಮನ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಮನೆಗೆ ನನ್ನನ್ನು ಕರೆದೊಯ್ದಿದ್ದ. ಅದು ಆ ಹುಡುಗಿಯ ಮನೆ ಎಂದು ನನಗೆ ಹೇಳಿರಲಿಲ್ಲ. ನಾನು ಅವರ ಜಗಲಿಯಲ್ಲಿ ಕುಳಿತು, ಅವರು ನಮಗಾಗಿ ಮಾಡಿಟ್ಟ ಊಟಕ್ಕೆ ಚೌಕಾಸಿ ಮಾಡಿದೆ.

ನಾವು ವಿಜಾಪುರ ಜಿಲ್ಲೆಯವರು. ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಅಪ್ಪ ಹೋದ ಮೇಲೆ ನಾನು ಮುಂಬಯಿಗೆ ಬಂದು ಮಸ್ಜಿದ್ ಬಂದರಿನಲ್ಲಿ ಹಮಾಲಿ ಮಾಡಿದೆ. ಬೆನ್ನಿನ ಚರ್ಮ ದಪ್ಪವಾದ ಮೇಲೆ, ಕೂಡಿಟ್ಟ ಹಣದಲ್ಲಿ ಅಂಧೇರಿ ಸ್ಟೇಷನ್ನಿನ ಹೊರಗೆ ಕಟ್‌ಪೀಸ್ ಬಟ್ಟೆ ಹರಡಿಕೊಂಡು ಕುಳಿತೆ. ಆಮೇಲೆ ಒಂದು ಗೂಡಂಗಡಿಯಾಯಿತು. ತಮ್ಮನನ್ನು ಊರಿನಿಂದ ಕರೆಸಿ ಓದಿಸಿದೆ. ಅವನು ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆದ. ಚಾಳಿನ ಖೋಲಿಯಲ್ಲಿ ನಾವಿಬ್ಬರೇ ಇರುತ್ತಿದ್ದೆವು.

ಒಂದು ಶನಿವಾರ ಅವನು ಎರಡು ದೊಡ್ಡ ಖಾಕಿ ಚೀಲ ತಂದ. ಬೆನ್ನಿಗೆ ಕಟ್ಟಿಕೊಳ್ಳುವ ಪಟ್ಟಿಗಳಿದ್ದವು. ಬೆಟ್ಟ ಹತ್ತುವ ಹುಚ್ಚಿನ ಗೆಳೆಯರಿಂದ ಕೇಳಿ ತಂದದ್ದಂತೆ.

"ಅಣ್ಣಾ, ನಾಳೆ ಮನೋರಿಗೆ ಹೋಗೂಣು. ಅಲ್ಲಿಂದ ದಂಡಿ ಹಿಡದು ಗೋರಾಯಿ ತನಕ ನಡಕೊಂತ ಹೋಗೂಣು."

"ಅಲ್ಲೇನೈತಿ?"

"ಸಮುದ್ರ ಐತಿ."

"ಜುಹೂದಾಗ ಸಮುದ್ರ ಬತ್ತೇತೇನು?"

"ಫಾರಿನ್ ಮಂದಿ ಬರ್ತಾರ ಅಲ್ಲಿ. ನೋಡಾಕ ಛಲೋ ಐತಿ. ಗುರುತಿನ ಮನಿ ಒಂದೈತಿ, ಊಟ ಅಲ್ಲೇ ಮಾಡೂಣು."

ಫಾರಿನ್ ಮಂದಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅವನಿಗೆ ಕಾಣದಂತೆ ನನ್ನ ಚೀಲದ ತಳಕ್ಕೆ ಹತ್ತು ಲುಂಗಿ ಹಾಕಿದೆ. ಖಾಲಿ ಚೀಲ ಹೊರುವುದು ನಷ್ಟದ ಕೆಲಸ.

ಬೆಳಿಗ್ಗೆ ಚೀಲ ಬೆನ್ನಿಗೇರಿಸಿ ಪ್ಲಾಟ್‌ಫಾರಂ ಮೇಲೆ ನಿಂತಾಗಲೇ ನನಗೆ ನಾಚಿಕೆ ಶುರುವಾಯಿತು. ಆ ಸ್ಟೇಷನ್ನಿನಲ್ಲಿ ನನ್ನನ್ನು ಶೇಠ್ ಎಂದು ಕರೆಯುವವರು ನಾಲ್ಕು ಜನರಿದ್ದರು. ಬೆನ್ನಿನ ಮೇಲಿಂದ ಹೊರೆ ಇಳಿಸಲು ನನಗೆ ಅರ್ಧ ಯೌವನ ಹಿಡಿದಿತ್ತು. ಈಗ ಸುಖ ಪಡಲಿಕ್ಕೆಂದು ಮತ್ತೆ ಹೊರಬೇಕು. ಪಕ್ಕದ ಪಾನ್‌ಪಟ್ಟಿಯವ ಕೇಳಿಯೇಬಿಟ್ಟ. "ಕ್ಯಾ ಶೇಠ್, ವಾಪಸ್ ಹಮಾಲಿ ಚಾಲೂ?" ತಮ್ಮ ನಕ್ಕ. ನಾನು ಹೆಗಲ ಮೇಲಿನ ಟವೆಲನ್ನು ಚೀಲದ ಪಟ್ಟಿಯ ಮೇಲೆ ಹೊದಿಸಿದೆ. ಅದರಿಂದ ಏನೂ ಮುಚ್ಚಿಹೋಗಲಿಲ್ಲ.

ಮಲಾಡಿನಲ್ಲಿ ಇಳಿದು ಬಸ್ಸು ಹಿಡಿದು ಮಾರ್ವೆ. ಅಲ್ಲಿಂದ ಖಾಡಿಯ ಹಿನ್ನೀರು ದಾಟಲು ದೋಣಿ. ದೋಣಿಯಲ್ಲಿ ಅಂಥದೇ ಚೀಲ ಹೊತ್ತ ಮೂರು ಜನ ಫಾರಿನ್ನಿನವರು, ಗಂಡಸರಿಗೆ ಹೆಂಗಸರಿಗಿಂತ ಉದ್ದ ಕೂದಲು. ದೋಣಿ ದಡ ಬಿಡುವಷ್ಟರಲ್ಲಿ ನಾನು ಲುಂಗಿ ಹೊರತೆಗೆದಿದ್ದೆ. ನನಗೆ ಇಂಗ್ಲಿಷ್ ಬಾರದು, ಅವರಿಗೆ ಬೇರೇನೂ ಬಾರದು. ಆದರೂ ಮೂರು ಲುಂಗಿ ಹೋದವು. ತಮ್ಮ ಇಡೀ ದಾರಿ ನೀರಿನ ಕಡೆ ಮುಖ ಮಾಡಿಕೊಂಡು ಕುಳಿತಿದ್ದ. ದಡ ಸೇರಿದಾಗ, "ಇವತ್ತೊಂದ ದಿನ ಬ್ಯಾಡಾಗಿತ್ತು ಅಣ್ಣಾ" ಅಂದ. "ದೋಣಿ ರೊಕ್ಕ ಬಂತಲ್ಲೋ" ಎಂದೆ ನಾನು. ಅವನು ಅಂಗಿಯ ಕಾಲರು ಸರಿಮಾಡಿಕೊಂಡ. ಹೊಸ ಅಂಗಿ. ಮರಳಲ್ಲಿ ನಡೆಯಲು ಬಂದವನು ಇಸ್ತ್ರಿ ಮಾಡಿದ ಹೊಸ ಅಂಗಿ ಏಕೆ ಹಾಕಿದ್ದಾನೆಂದು ಬಟ್ಟೆಯ ವ್ಯಾಪಾರಿಯಾದ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಊರೊಳಗಿನ ದಾರಿಯ ಎರಡೂ ಕಡೆ ತೆಂಗು, ತಾಳೆ. ಮಧ್ಯೆ ಹಂಚಿನ ಮನೆಗಳು. ಬಹಳಷ್ಟು ಮನೆ ಕ್ರಿಶ್ಚಿಯನ್ನರದು, ಬಾಗಿಲ ಪಕ್ಕ ಸಣ್ಣ ಶಿಲುಬೆ. ಭಾನುವಾರ ಪಿಕ್ನಿಕ್ಕಿಗೆ ಬರುವವರಿಗಾಗಿ ಮೂರು ನಾಲ್ಕು ಮನೆಗಳ ಮುಂದೆ ಕೋಣೆ ಸಿಗುತ್ತದೆ, ಊಟ ಸಿಗುತ್ತದೆ ಎಂದು ಬೋರ್ಡು ಬರೆದು ತೂಗುಹಾಕಿದ್ದರು. ನಾನು ಎರಡು ಕಡೆ ನಿಂತು ದರ ಕೇಳಿಕೊಂಡೆ. ಕೊಳ್ಳುವ ಮೊದಲು ಪೇಟೆಯ ದರ ತಿಳಿದಿರಬೇಕು. ತಮ್ಮ ಹೋದ ಮನೆಗೆ ಬೋರ್ಡು ಇರಲಿಲ್ಲ. ಬೋರ್ಡಿಲ್ಲದ ಮನೆ ಅಗ್ಗವಿರುತ್ತದೆ ಎಂದುಕೊಂಡೆ.

ಜಗಲಿಯಲ್ಲಿ ನನಗಿಂತ ಹಿರಿಯರೊಬ್ಬರು ಬಿಳಿ ಷರಟು ಹಾಕಿಕೊಂಡು ಕುಳಿತಿದ್ದರು. ತಮ್ಮ ಅವರಿಗೆ ಕೈಮುಗಿದು, "ಇವ ನಮ್ಮಣ್ಣ" ಎಂದು ಹಿಂದಿಯಲ್ಲಿ ಹೇಳಿ, ಕಾಲು ತೊಳೆಯುವ ನೆಪದಲ್ಲಿ ಬಾವಿಯ ಕಡೆ ಹೋದ. ಅವರು ಎದ್ದು ನಿಂತರು. ಚೀಲ ಇಳಿಸಿದೆ. ಇನ್ನು ತಡ ಮಾಡಬಾರದೆಂದು, ಇಬ್ಬರ ಊಟಕ್ಕೆ ಮತ್ತು ಬಿಸಿಲು ಇಳಿಯುವವರೆಗೆ ಜಗಲಿಯಲ್ಲಿ ಮಲಗಲು ಎಷ್ಟು ಎಂದು ಕೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಪಹಿಲೇ ಖಾನಾ ತೋ ಖಾವ್. ಪೈಸೇ ಕಾ ಬಾತ್ ಕಾಯ್ಕು?"

ಮೊದಲು ಉಣ್ಣಿಸಿ ಆಮೇಲೆ ಬೆಲೆ ಹೇಳುವವರನ್ನು ನಾನು ಮುಂಬಯಿಯಲ್ಲಿ ಬೇಕಾದಷ್ಟು ಕಂಡಿದ್ದೆ. "ಇಲ್ಲ, ಮೊದಲೇ ಮಾತಾಗಲಿ" ಎಂದೆ. ಅವರು ಸುಮ್ಮನಾದರು. ಬಾಯಿ ಬಿಡದವನು ಪಕ್ಕಾ ವ್ಯಾಪಾರಿ ಎಂದು ಅಪ್ಪ ಹೇಳುತ್ತಿದ್ದ. ನಾನು ಇನ್ನೂ ಹುರುಪಾದೆ. ನಾವು ಮೀನು ಮಾಂಸ ಮುಟ್ಟುವವರಲ್ಲ, ಮೀನಿಲ್ಲದ ತಟ್ಟೆಗೆ ಮೀನಿನ ತಟ್ಟೆಯ ದರ ಹೇಳಬೇಡಿ, ಆಚೆ ಮನೆಯವರು ಇಷ್ಟು ಹೇಳಿದ್ದಾರೆ, ನಿಮ್ಮಲ್ಲಿ ಬೋರ್ಡೂ ಇಲ್ಲ ಎಂದೆಲ್ಲ ಹೇಳಿದೆ. ಅವರು ನನ್ನನ್ನು ಒಳಗೆ ಕರೆದೊಯ್ಯಲು ಕೈ ಚಾಚಿದರು.

ನಮ್ಮ ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಮಾರುವವನ ಕೈ, ದಲಾಲಿಯ ಕೈ ಎರಡರ ಮೇಲೂ ಟವೆಲು ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಈ ಪದ್ಧತಿ. ನಾನೂ ತಮ್ಮನೂ ಅಪ್ಪನ ಮಗ್ಗುಲಲ್ಲಿ ಕುಳಿತು ಇದನ್ನು ನೋಡಿಯೇ ಬೆಳೆದವರು. ಎದುರಿಗೆ ಹಿರಿಯ ಮನುಷ್ಯ, ಮೌನ, ಚಾಚಿದ ಕೈ. ನನ್ನ ಟವೆಲು ತಾನಾಗಿ ಆ ಕೈಯ ಮೇಲೆ ಬಿತ್ತು. ಒಳಗೆ ಅವರ ಮೂರು ಬೆರಳು ಹಿಡಿದು ಅದುಮಿದೆ. ಮೂರು ರೂಪಾಯಿ. ಅವರು ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳದಿದ್ದರೆ ಒಪ್ಪಿದ ಹಾಗೆ.

ತಲೆಯೆತ್ತಿದಾಗ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಕೈಯಲ್ಲಿ ನೀರಿನ ಲೋಟಗಳಿದ್ದ ತಟ್ಟೆ. ಅವಳ ಹಿಂದೆ ನನ್ನ ತಮ್ಮ. ಅವನ ಒದ್ದೆ ಕಾಲಿನಿಂದ ನೆಲದ ಮೇಲೆ ನೀರು ಹರಿಯುತ್ತಿತ್ತು.

"ಅಣ್ಣಾ," ಅಂದ.

ಊಟಕ್ಕೆ ಕುಳಿತೆವು. ಅಕ್ಕಿಹಿಟ್ಟಿನ ದಪ್ಪ ರೊಟ್ಟಿ, ಬದನೆಕಾಯಿ, ಬೇಳೆ, ಅನ್ನ. ಬಡಿಸಿದವರು ಹುಡುಗಿಯ ತಾಯಿ, ಮೊಣಕಾಲಿನ ಕೆಳಗೆ ಬರುವಂತೆ ಕಚ್ಚೆ ಹಾಕಿ ಸೀರೆ ಉಟ್ಟವರು. ಬೇಳೆಯ ಪಾತ್ರೆಯ ಹೊರಗೆ ಅಂಗಡಿಯವನು ಅಂಟಿಸಿದ ಕಾಗದ ಇನ್ನೂ ಅರ್ಧ ಉಳಿದಿತ್ತು. ಅನ್ನದ ಪಾತ್ರೆಯ ಮೇಲೂ ಇತ್ತು. ಸೌಟು ಕೂಡ ಹೊಳೆಯುತ್ತಿತ್ತು. ಮೀನಿನ ಮನೆಯಲ್ಲಿ ಮೀನು ಸೋಕದ ಪಾತ್ರೆ ಇರುವುದಿಲ್ಲ. ಕೊಂಡು ತಂದರೆ ಮಾತ್ರ ಇರುತ್ತದೆ. ಮೂರು ರೂಪಾಯಿಯ ಊಟಕ್ಕೆ ಯಾರೂ ಪಾತ್ರೆ ಕೊಳ್ಳುವುದಿಲ್ಲ. ಇಷ್ಟು ಲೆಕ್ಕ ನನ್ನ ತಲೆಯಲ್ಲಿ ಮುಗಿಯುವಾಗ ರೊಟ್ಟಿಯ ತುತ್ತು ಕೈಯಲ್ಲೇ ಇತ್ತು. ಅದನ್ನು ಮರಳಿ ತಟ್ಟೆಗೆ ಇಟ್ಟೆ.

ಹುಡುಗಿಯ ತಾಯಿ ಗಂಡನಿಂದ ಆಗಲೇ ಎಲ್ಲ ಕೇಳಿಕೊಂಡಿದ್ದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಅವರು ತಮ್ಮನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: "ನಾವು ಯಾರು ಅಂತ ನಿಮ್ಮಣ್ಣನಿಗೆ ಹೇಳದೇ ಕರಕೊಂಡು ಬಂದೆಯಾ? ಒಂದು ವರ್ಷದಿಂದ ನಮ್ಮ ಮನೆಗೆ ಬರುತ್ತೀಯ. ಅವರ ಮುಂದೆ ನಮ್ಮ ಹೆಸರು ಹೇಳಲು ನಾಚಿಕೆಯಾಯಿತೇ? ಹಾಗಾದರೆ ನನ್ನ ಮಗಳನ್ನು ಯಾವ ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತೀ?"

ಆಗ ನನಗೆ ಉಳಿದದ್ದೂ ತಿಳಿಯಿತು. ಹುಡುಗಿ ತಮ್ಮನ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಆ ದಿನ ಊಟವಾದ ಮೇಲೆ, ಅವರು ಒಳ್ಳೆಯ ಮಂದಿ ಎಂದು ನನಗೆ ಅನ್ನಿಸಿದ ಮೇಲೆ, ವಿಷಯ ಎತ್ತುವುದೆಂದು ತಮ್ಮ ಯೋಚಿಸಿದ್ದ. ಅವನು ತನ್ನ ಚೀಲದಿಂದ ಒಂದು ಸೀರೆಯ ಪೊಟ್ಟಣ ತೆಗೆದು ತಾಯಿಯ ಮುಂದಿಟ್ಟ. ಅವರು ಮುಟ್ಟಲಿಲ್ಲ. ಒಂದೇ ನೋಟದಲ್ಲಿ ಅದು ನನ್ನ ಅಂಗಡಿಯ ಮಾಲಲ್ಲ ಎಂದು ನನಗೆ ಗೊತ್ತಾಯಿತು. ನನಗೆ ತಿಳಿಯಬಾರದೆಂದು ಬೇರೆ ಎಲ್ಲೋ, ಹೇಳಿದ ಬೆಲೆಗೇ ಕೊಂಡಿದ್ದ.

ಗೋರಾಯಿಯ ತನಕ ದಂಡೆಯ ಮೇಲೆ ನಡೆದೆವು. ಅಲ್ಲಿಂದ ಬೇರೆ ದೋಣಿಯಿತ್ತು; ಮತ್ತೆ ಊರೊಳಗೆ ಹಾದು ಮಾರ್ವೆಯ ದೋಣಿಗೆ ಹೋಗಲು ಇಬ್ಬರಿಗೂ ಮುಖವಿರಲಿಲ್ಲ. ಬಿಸಿ ಮರಳು, ಬೆನ್ನ ಮೇಲೆ ಚೀಲ, ನನ್ನ ಚೀಲದಲ್ಲಿ ಏಳು ಲುಂಗಿ.

"ನನಗ್ಯಾಕ ಹೇಳಲಿಲ್ಲೋ?" ಎಂದು ಕೊನೆಗೆ ಕೇಳಿದೆ.

"ಏನಂತ ಹೇಳ್ಲಿ? ನಿನಗ ಏನ ಹೇಳಿದ್ರೂ ಮೊದಲ ಅರ್ಧಕ್ಕ ಇಳಸ್ತಿ. ನೌಕರಿ ಸಿಕ್ತು ಅಂದೆ, ಪಗಾರ ಕಡಿಮಿ ಅಂದಿ. ಸೈಕಲ್ ತಂದೆ, ಹೆಚ್ಚಿಗಿ ಕೊಟ್ಟಿ ಅಂದಿ. ಕ್ರಿಶ್ಚನ್ ಹುಡುಗಿ ಅಂದಿದ್ರ ಏನ ಅಂತಿದ್ದಿ? ನಮ್ಮ ಜಾತಿದಾಗ ಇದಕ್ಕಿಂತ ಛಲೋ ಸಿಗತಾಳ, ಇನ್ನೊಂದೆರಡ ಅಂಗಡಿ ತಿರಗು ಅಂತಿದ್ದಿ."

ನಾನು ಹಾಗೆಯೇ ಅನ್ನುತ್ತಿದ್ದೆ. ಅವನು ನನ್ನ ಮಾತಿನ ಧಾಟಿಯನ್ನೂ ಸರಿಯಾಗಿ ಹಿಡಿದಿದ್ದ.

ಹುಡುಗಿಯ ಮನೆಯವರು ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಣ್ಣ ತಾನಾಗಿ ಬಂದು ಕೇಳಲಿ ಎಂದು ಹೇಳಿ ಕಳಿಸಿದರು. ಅಷ್ಟೇ ಶರತ್ತು. ಅಂಧೇರಿಯಿಂದ ಅರ್ಧ ದಿನದ ದಾರಿ. ಅದಕ್ಕೆ ನಾನು ಎರಡು ವರ್ಷ ತೆಗೆದುಕೊಂಡೆ. ಊರಲ್ಲಿದ್ದ ಅವ್ವನಿಗೆ ಏನು ಹೇಳುವುದು, ಕುಲದವರು ಏನೆನ್ನುತ್ತಾರೆ ಎಂದು ನೆಪ ಹುಡುಕಿದೆ. ನಿಜವಾದ ಕಾರಣ ಆ ಜಗಲಿ. ಅಲ್ಲಿ ಮತ್ತೆ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ತಮ್ಮ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಪ್ರತಿ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗದೆ ಖೋಲಿಯ ಕಿಟಕಿಯ ಬಳಿ ಕುಳಿತಿರುತ್ತಿದ್ದ. ಒಂದು ಭಾನುವಾರ ಅಂಗಿ ಬದಲಿಸದೆ ಬನಿಯನ್ನಿನಲ್ಲೇ ಕುಳಿತಿದ್ದ. ಅದನ್ನು ಕಂಡು ನನಗೆ ಹೆದರಿಕೆಯಾಯಿತು. ಅಂಗಡಿ ತೆರೆಯದೆ ನೇರ ಸ್ಟೇಷನ್ನಿಗೆ ಹೋದೆ.

ಟವೆಲು ಮನೆಯಲ್ಲೇ ಬಿಟ್ಟಿದ್ದೆ. ಹೆಗಲು ಬರಿದಾಗಿ, ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವರ ಜಗಲಿಯ ಕೆಳಗೆ ನಿಂತೆ. ಹುಡುಗಿಯ ತಂದೆ ಅದೇ ಬಿಳಿ ಷರಟಿನಲ್ಲಿ ಹೊರಗೆ ಬಂದರು. ನೋಡಿದರು. ಜೇಬಿನಿಂದ ಕರ್ಚೀಫು ತೆಗೆದು, ಬಲಗೈ ಮೇಲೆ ಹೊದಿಸಿಕೊಂಡು, ಆ ಕೈಯನ್ನು ನನ್ನ ಮುಂದೆ ಚಾಚಿದರು. ಮುಖದಲ್ಲಿ ನಗೆ ಇಲ್ಲ. ನಾನು ಕರ್ಚೀಫಿನೊಳಗೆ ಕೈಯಿಟ್ಟು ಅವರ ಐದೂ ಬೆರಳು ಹಿಡಿದೆ. "ಈಗ ನೀವೇ ಹೇಳಿ, ನಾನು ಹೂಂ ಅನ್ನುತ್ತೇನೆ" ಎಂದೆ. ಅವರು ಚರ್ಚಿನ ಆಶೀರ್ವಾದ ಬೇಕೆಂದರು, ಹೂಂ ಎಂದೆ. ನಿಮ್ಮ ತಾಯಿ ಬಂದು ನಮ್ಮ ಮನೆಯಲ್ಲಿ ಉಣ್ಣಬೇಕೆಂದರು. ಅದಕ್ಕೂ ಹೂಂ ಎಂದೆ. ಅವ್ವನನ್ನು ಒಪ್ಪಿಸಲು ಪಟ್ಟ ಪಾಡು ಬೇರೆಯೇ ಇದೆ. ಅವಳು ಬಂದಳು, ಉಂಡಳು. ಆ ಪಾತ್ರೆಗಳನ್ನು ಅವರು ಬೇರೆ ಯಾವುದಕ್ಕೂ ಬಳಸದೆ ಎತ್ತಿಟ್ಟಿದ್ದರು.

ನಾನು ಈಗಲೂ ಅವರ ಮನೆಗೆ ಹೋಗುತ್ತೇನೆ. ತಮ್ಮನ ಅತ್ತೆ ಬಡಿಸುವಾಗ ಪ್ರತಿ ಸಲ ನನ್ನ ತಟ್ಟೆಯ ಬಳಿ ಮಾತ್ರ ನಿಂತು, "ಘ್ಯಾ ಘ್ಯಾ, ಫುಕಟ್ ಆಹೇ" ಎನ್ನುತ್ತಾರೆ. ತಗೊಳ್ಳಿ, ಪುಕ್ಕಟೆ ಇದೆ ಎಂದರ್ಥ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ತಟ್ಟೆ ನೋಡುತ್ತ.

ನೀವು ಮನೋರಿಗೆ ಹೋಗುವುದಾದರೆ ಬೆಳಗಿನ ಮೊದಲ ದೋಣಿ ಹಿಡಿಯಿರಿ. ಬಿಸಿಲೇರಿದ ಮೇಲೆ ಮರಳಿನಲ್ಲಿ ನಡೆಯಲಾಗದು. ಬೆನ್ನಿನ ಚೀಲದಲ್ಲಿ ಭಾರದ ಸಾಮಾನು ಕೆಳಗಲ್ಲ, ಹೆಗಲಿನ ಹತ್ತಿರ ಇಡಿ. ಇದು ಹಮಾಲನ ಮಾತು, ನಂಬಬಹುದು. ಎಳನೀರಿಗೆ ಚೌಕಾಸಿ ಮಾಡಿ, ತಪ್ಪಿಲ್ಲ. ಊಟಕ್ಕೆ ಯಾರಾದರೂ ಒಳಗೆ ಕರೆದರೆ ಮೊದಲು ಬಾಗಿಲ ಮೇಲೆ ಬೋರ್ಡಿದೆಯೇ ನೋಡಿ. ಬೋರ್ಡು ಇಲ್ಲದಿದ್ದರೆ ಬೆಲೆ ಕೇಳಬೇಡಿ, ಕೈಕಾಲು ತೊಳೆದುಕೊಂಡು ಕುಳಿತುಕೊಳ್ಳಿ. ತಮ್ಮನೋ ತಂಗಿಯೋ ಎಂದೂ ಇಲ್ಲದೆ ಎಲ್ಲಿಗಾದರೂ ಹೋಗೋಣ ಎಂದು ಕರೆದರೆ, ಹೊರಡುವ ಮೊದಲು ಅವರು ಹಾಕಿಕೊಂಡ ಅಂಗಿಯನ್ನು ಒಮ್ಮೆ ನೋಡಿ. ಹೊಸದಿದ್ದರೆ ಯಾಕೆಂದು ಕೇಳಿ. ಕೇಳಿದ ಮೇಲೆ, ಅವರು ಹೇಳಿ ಮುಗಿಸುವ ತನಕ ಸುಮ್ಮನಿರಿ.